ಚಂದ್ರೋದಯದ ಚಿತ್ರವೂ ಬೆಳಕಿನ ಅಳತೆಯೂ

ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸರು 1941ರಲ್ಲಿ ತೆಗೆದ ‘ಮೂನ್‌ರೈಸ್, ಹರ್ನಾಂಡೆಜ್, ನ್ಯೂ ಮೆಕ್ಸಿಕೋ’ ಎಂಬ ಚಿತ್ರವು ಬೆಳಕನ್ನಳೆಯುವ ಮೀಟರಿನ ನೆರವಿಲ್ಲದೆ ಮೂಡಿದುದು. ಪ್ರತಿಭೆಯಿದ್ದಲ್ಲಿ ಅಳತೆಯು ಅನಾವಶ್ಯಕವೆಂಬುದಕ್ಕೆ ಇದನ್ನು ನಿದರ್ಶನವಾಗಿ ಹೇಳುವುದುಂಟು. ಸಂಗತಿಯು ನಿಜ; ಅದರಿಂದ ತೆಗೆದ ಸಿದ್ಧಾಂತವು ನಿಲ್ಲತಕ್ಕದ್ದಲ್ಲ.

ಅಸ್ತಮಿಸುತ್ತಿದ್ದ ಸೂರ್ಯನ ಕಡೆಯ ಕಿರಣಗಳು ಹಳ್ಳಿಯ ಸ್ಮಶಾನದ ಬಿಳಿಯ ಶಿಲುಬೆಗಳ ಮೇಲಿದ್ದವು. ವೆಸ್ಟನ್ ಮೀಟರು ಹುಡುಕಿದರೂ ಸಿಕ್ಕಲಿಲ್ಲ. ಆದರೆ ಚಂದ್ರಬಿಂಬದ ಪ್ರಕಾಶವು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಆಡಮ್ಸರ ನೆನಪಿನಲ್ಲಿತ್ತು. ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳನ್ನು ಮೆಟ್ಟಿಲುಗಳಾಗಿ ವಿಂಗಡಿಸುವ ‘ಜೋನ್ ಪದ್ಧತಿ’ಯನ್ನು ಅವರು ಫ್ರೆಡ್ ಆರ್ಚರರೊಡನೆ ಆಗಲೇ ರೂಪಿಸಿದ್ದರು. ಅದರಂತೆ ಚಂದ್ರನನ್ನು ಏಳನೆಯ ಮೆಟ್ಟಿಲಿನಲ್ಲಿಟ್ಟರೆ, ನಡುಬೂದಿಯಾದ ಐದನೆಯದಕ್ಕೆ ಬರುವುದು ಅದರ ಕಾಲು ಭಾಗ, ಸುಮಾರು 60 ಕ್ಯಾಂಡಲ್. ಫಿಲ್ಮಿನ ವೇಗ 64. ಅದರ ವರ್ಗಮೂಲವಾದ 8ನ್ನು ಮಸೂರದ ರಂಧ್ರದ ಅಂಕವಾಗಿ ಹಿಡಿದರೆ ಸೆಕೆಂಡಿನ ಅರವತ್ತರಲ್ಲೊಂದು ಪಾಲು ಸಾಕು. ಗಾಢ ಹಳದಿಯ ಫಿಲ್ಟರಿಗಾಗಿ ಅದರ ಮೂರರಷ್ಟು. ರಂಧ್ರವನ್ನು 32ರ ಅಂಕಕ್ಕೆ ಕಿರಿದುಗೊಳಿಸಿದುದಕ್ಕಾಗಿ ಮತ್ತೆ ಹದಿನಾರರಷ್ಟು. ಲೆಕ್ಕವು ಒಂದು ಸೆಕೆಂಡಿನ ಸಮೀಪಕ್ಕೆ ಬಂದಿತು. ಎರಡನೆಯ ಚಿತ್ರಕ್ಕೆ ಸಜ್ಜಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಮರೆಯಾಗಿತ್ತು. ಷಟ್ಪದಿಯಲ್ಲಿ ಪಳಗಿದ ಕವಿಯು ಮಾತ್ರೆಗಳನ್ನು ಬೆರಳಿನಲ್ಲಿ ಎಣಿಸದಿದ್ದ ಮಾತ್ರಕ್ಕೆ ಆತನಿಗೆ ಛಂದಸ್ಸು ಬೇಡವಾಯಿತೆಂದು ಯಾರೂ ಹೇಳರಷ್ಟೆ.

ಮೀಟರಿಲ್ಲದುದರ ನಷ್ಟವೂ ಚಿತ್ರದಲ್ಲಿಯೇ ಉಳಿದಿದೆ. ಚಂದ್ರನ ಅಳತೆಯು ತಿಳಿದಿತ್ತು, ನೆಲದ ನೆರಳಿನದು ತಿಳಿದಿರಲಿಲ್ಲ. ನೆಗೆಟಿವಿನಲ್ಲಿ ಮುನ್ನೆಲದ ಭಾಗವು ತೆಳುವಾಗಿ ಬಂದಿತು. 1948ರಲ್ಲಿ ಅದನ್ನು ರಾಸಾಯನಿಕ ದ್ರಾವಣದಿಂದ ಪುಷ್ಟಿಗೊಳಿಸಬೇಕಾಯಿತು. ಅಂಥ ದ್ರಾವಣವು ಫಿಲ್ಮಿನಲ್ಲಿರುವ ಬೆಳ್ಳಿಯ ಅಂಶಕ್ಕೆ ಬಲ ಕೊಡಬಲ್ಲದೇ ಹೊರತು ಬೆಳಕು ಮುಟ್ಟದೆಡೆಯಲ್ಲಿ ರೂಪವನ್ನು ಸೃಷ್ಟಿಸಲಾರದು. ಪೊದೆಗಳ ವಿವರವು ಉಳಿದುದು ಆ ಒಂದು ಸೆಕೆಂಡು ಅಲ್ಲಿಗೂ ತುಸು ಬೆಳಕನ್ನು ಮುಟ್ಟಿಸಿದ್ದುದರಿಂದ.

ಆಕಾಶದ ವಿಷಯ ಬೇರೆ. ಮೊದಲ ಪ್ರತಿಗಳಲ್ಲಿ ಮೇಲ್ಗಡೆ ತೆಳುಮೋಡಗಳು ಕಾಣುತ್ತವೆ. 1970ರ ದಶಕದ ಪ್ರತಿಗಳಲ್ಲಿ ಅವು ಕಪ್ಪಿನಲ್ಲಿ ಅಡಗಿಹೋಗಿವೆ. ನೆಗೆಟಿವಿನಲ್ಲಿ ದಾಖಲಾದುದನ್ನು ಮುದ್ರಣದಲ್ಲಿ ಅಡಗಿಸುವುದು ಕಲಾವಿದನ ಸ್ವಾತಂತ್ರ್ಯ, ಮತ್ತು ಆ ಸ್ವಾತಂತ್ರ್ಯವನ್ನು ಕೊಟ್ಟುದು ಮೂಲದ ಸರಿಯಾದ ಎಕ್ಸ್‌ಪೋಷರು. ಆದರೂ ಕಡೆಯ ಪ್ರತಿಗಳನ್ನೇ ಮೇಲೆಂದು ಎಣಿಸುವುದು ಅಷ್ಟು ಸಮಂಜಸವಲ್ಲ. ಗಾಂಭೀರ್ಯವೇನೋ ಹೆಚ್ಚಿದೆ, ಆದರೆ ಕತ್ತಲೆ ಕವಿದ ಆಕಾಶದ ಕೆಳಗೆ ಶಿಲುಬೆಗಳು ಬೆಳಗುವುದಕ್ಕೆ ಕಾರಣವು ಕಾಣದಾಗಿ, ಇಳಿಬಿಸಿಲಿನ ಹೊತ್ತು ನಡುರಾತ್ರಿಯೆಂಬ ಭ್ರಾಂತಿಯುಂಟಾಗುತ್ತದೆ.