ಕೈದಾಟದ ಮಾತು: ಫಲ್ಲಾಡಾನ ಬರ್ಲಿನ್ ಕಾದಂಬರಿ

ಹಾನ್ಸ್ ಫಲ್ಲಾಡಾ 1946ರಲ್ಲಿ ಕೆಲವೇ ವಾರಗಳಲ್ಲಿ ಬರೆದು ಮುಗಿಸಿದ, 1947ರಲ್ಲಿ ಅವನ ಮರಣಾನಂತರ ಪ್ರಕಟವಾದ ‘ಪ್ರತಿಯೊಬ್ಬನೂ ಒಂಟಿಯಾಗಿಯೇ ಸಾಯುತ್ತಾನೆ’ ಎಂಬರ್ಥದ ಶೀರ್ಷಿಕೆಯ ಜರ್ಮನ್ ಕಾದಂಬರಿಯನ್ನು ಪ್ರತಿರೋಧದ ಕಥನವೆಂದು ಓದುವುದು ರೂಢಿ. ಜನರ ನಡುವೆ ಮಾತು ಸಾಗುವ ದಾರಿಗಳೇ ಮುಚ್ಚಿಹೋದ ಸಮಾಜವೊಂದರ ಚಿತ್ರವಾಗಿ ಅದು ಇನ್ನೂ ಮಹತ್ವದ್ದು.

ಬರ್ಲಿನ್ನಿನ ಶ್ರಮಜೀವಿ ದಂಪತಿಗಳಾದ ಓಟೋ ಮತ್ತು ಎಲಿಸೆ ಹಾಂಪೆಲ್ 1940ರಿಂದ 1942ರವರೆಗೆ ಹಿಟ್ಲರ್‌ವಿರೋಧಿ ಕಾರ್ಡುಗಳನ್ನು ಬರೆದು ಕಟ್ಟಡಗಳ ಮೆಟ್ಟಿಲುಗಳಲ್ಲಿ ಇರಿಸಿದರು. 1943ರ ಏಪ್ರಿಲ್ 8ರಂದು ಅವರ ಶಿರಚ್ಛೇದವಾಯಿತು. ಯುದ್ಧದಲ್ಲಿ ಮಡಿದ ಎಲಿಸೆಯ ಸಹೋದರ ಕಾದಂಬರಿಯಲ್ಲಿ ಕ್ವಾಂಗೆಲ್ ದಂಪತಿಗಳ ಒಬ್ಬನೇ ಮಗನಾಗುತ್ತಾನೆ.

ವದಂತಿಗೆ ಕರ್ತೃವಿಲ್ಲ, ಕೇಳಿದವನೇ ಹೇಳುವವನಾಗುವುದು ಅದರ ಸ್ವಭಾವ. ತನ್ನ ಕಾರ್ಡೂ ಹಾಗೆಯೇ ಕೈಯಿಂದ ಕೈಗೆ ದಾಟುವುದೆಂದು ಓಟೋ ಕ್ವಾಂಗೆಲ್ ನಂಬುತ್ತಾನೆ. ಆದರೆ ಮಾತನ್ನು ಕೇಳಲೇ ಇಲ್ಲವೆನ್ನಬಹುದು, ಕಾರ್ಡು ಮಾತ್ರ ಮುಟ್ಟಿದವನ ಕೈಯಲ್ಲಿ ಸಾಕ್ಷಿಯಾಗಿ ಉಳಿಯುತ್ತದೆ. ಎತ್ತಿಕೊಂಡವರು ಬೆದರಿ ಅದನ್ನು ಒಪ್ಪಿಸಿಬಿಡುತ್ತಾರೆ. ಕಾದಂಬರಿಯ ಲೆಕ್ಕದಲ್ಲಿ ಪೊಲೀಸರ ಕೈಸೇರದವು 18 ಮಾತ್ರ. ಈ ಲೆಕ್ಕ ಒಪ್ಪಿಸುವ ತನಿಖಾಧಿಕಾರಿ ಎಷೆರಿಖ್‌ನೇ ಕಾರ್ಡುಗಳ ನಿಷ್ಠಾವಂತ ಓದುಗನೂ ಹೌದು. ಕೃತಿಯ ಅತ್ಯಂತ ಕಹಿಯಾದ ವ್ಯಂಗ್ಯವಿದು.

ಆನಾ ಕ್ವಾಂಗೆಲ್ ನಾಜಿ ಮಹಿಳಾ ಸಂಘಟನೆಯಲ್ಲಿದ್ದ ವಿವರವನ್ನು 1947ರ ಪ್ರಕಾಶಕರು ತೆಗೆದುಹಾಕಿದ್ದರು; 2011ರ ಜರ್ಮನ್ ಆವೃತ್ತಿ ಅದನ್ನು ಮರಳಿ ಸೇರಿಸಿತು. ಇದರಿಂದ ಪಾತ್ರ ಕುಂದಿಲ್ಲ, ನಂಬಲರ್ಹವಾಗಿದೆ. ಕಾರ್ಡು ಬರೆದವಳು ಕಾರ್ಡಿಗೆ ಅಂಜಿದ ಜನರ ನಡುವಿನವಳೇ ಎಂಬುದನ್ನು ಮರೆಮಾಚಿದ್ದು ಸಂಪಾದನೆಯಲ್ಲ, ಶುದ್ಧೀಕರಣ. ಹುಡುಗ ಕೂನೋಗೆ ಹಳ್ಳಿಯಲ್ಲಿ ಹೊಸ ಬಾಳು ದೊರಕಿಸುವ ಕೊನೆಯ ಅಧ್ಯಾಯವಾದರೋ ಫಲ್ಲಾಡಾನೇ ಬರೆದದ್ದು. ಆದರೂ ಹೊರಗಿನಿಂದ ತಂದು ಹೊಲಿದಂತೆ ತೋರುತ್ತದೆ.