ನೆರೆ ಇಳಿದ ಮರುದಿನ: ನಮ್ಮ ಕಥನಗಳಲ್ಲಿ ಹೆಣ್ಣಿನ ಚೇತರಿಕೆ

ಪ್ರಕೃತಿ ವಿಕೋಪವನ್ನು ಕುರಿತು ಕನ್ನಡದಲ್ಲಿ ಬರೆದವರು ಕಡಿಮೆಯೇನಲ್ಲ. ಬರ, ನೆರೆ, ಮುಳುಗಡೆ, ಕಡಲಿನ ಮುನಿಸು ಎಲ್ಲವೂ ಜನಪದ ಗೀತೆಗಳಿಂದ ಹಿಡಿದು ಆಧುನಿಕ ಕಾದಂಬರಿಯವರೆಗೆ ವಸ್ತುವಾಗಿ ಬಂದಿವೆ. ಈ ಕಥನಗಳಲ್ಲಿ ಹೆಣ್ಣು ಇಲ್ಲದಿಲ್ಲ. ಅನೇಕ ಕಡೆ ಆಕೆಯೇ ಕೇಂದ್ರ. ಆದರೆ ಆಕೆಯನ್ನು ನಾವು ಕಂಡಿರುವುದು ಹೆಚ್ಚಾಗಿ ಎರಡೇ ನಿಲುವಿನಲ್ಲಿ: ತನ್ನನ್ನು ಅರ್ಪಿಸಿಕೊಂಡವಳಾಗಿ, ಇಲ್ಲವೇ ಎಲ್ಲವನ್ನೂ ಸಹಿಸಿಕೊಂಡವಳಾಗಿ. ನೀರು ಇಳಿದ ಮರುದಿನ ಆಕೆ ಏನನ್ನು ಬೇಡಿದಳು, ಯಾರು ಆಕೆಗೆ ಆಸರೆಯಾದರು, ಕಳೆದುಕೊಂಡದ್ದರಲ್ಲಿ ಯಾವುದನ್ನು ತನ್ನದೆಂದು ಮರಳಿ ಪಡೆದಳು ಎಂಬ ಪ್ರಶ್ನೆಗಳನ್ನು ಕೇಳುವ ಕೃತಿಗಳು ವಿರಳ. ಕೇಳಿದ ಕೃತಿಗಳನ್ನೂ ನಾವು ಆ ಬಗೆಯಲ್ಲಿ ಓದಿಲ್ಲ. ಈ ಕೊರತೆ ಬರೆದವರದಷ್ಟೇ ಅಲ್ಲ, ಓದಿದವರದೂ ಹೌದು. ಪಾಠ ಹೇಳಿದ ನನ್ನಂಥವರದಂತೂ ಖಂಡಿತ ಹೌದು.

‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ಅರಿಯದ ಕನ್ನಡಿಗರಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ. ಹನಿ ನೀರು ಬೀಳಲಿಲ್ಲ. ಹೊತ್ತಗೆ ತೆಗೆಸಿ ಕೇಳಿದಾಗ ಕಿರಿಯ ಸೊಸೆ ಭಾಗೀರಥಿಯನ್ನು ಹಾರ ಕೊಡಬೇಕೆಂದಾಯಿತು. ಇದನ್ನು ನಾನು ವರುಷಗಟ್ಟಲೆ ತ್ಯಾಗದ ಮಹಿಮೆಯೆಂದೇ ಪಾಠ ಮಾಡಿದೆ. ಪರೀಕ್ಷೆಯಲ್ಲಿ ‘ಭಾಗೀರಥಿಯ ತ್ಯಾಗವನ್ನು ವರ್ಣಿಸಿರಿ’ ಎಂದು ಪ್ರಶ್ನೆ ಕೊಟ್ಟೆ, ಮಕ್ಕಳು ವರ್ಣಿಸಿದರು, ನಾನು ಅಂಕ ಕೊಟ್ಟೆ. ನಿವೃತ್ತನಾದ ಮೇಲೆ ಬಿಡುವಾಗಿ ಓದಿದಾಗ ಗೀತ ಬೇರೆಯದನ್ನೇ ಹೇಳುತ್ತಿದೆಯೆಂದು ತೋರಿತು. ಸೊಸೆಯನ್ನು ಕೊಡುವ ಮಾತು ನಡೆದದ್ದು ಆಕೆಯನ್ನು ಕೇಳಿ ಅಲ್ಲ. ಸುದ್ದಿ ತಿಳಿದು ತವರಿಗೆ ಹೋದವಳು ಹೆತ್ತವರ ಮುಂದೆ ನಿಜವನ್ನು ಹೇಳಲಾರದೆ ಹೋಗುತ್ತಾಳೆ. ಗೆಳತಿಯ ಮುಂದೆ ಮಾತ್ರ ಬಾಯಿ ಬಿಡುತ್ತಾಳೆ. ಮರೆತ ಪಾತ್ರೆಯ ನೆಪದಲ್ಲಿ ಕೆರೆಗೆ ಮರಳಿ ಕಳುಹಿಸಲ್ಪಟ್ಟವಳು ಮೆಟ್ಟಿಲು ಮೆಟ್ಟಿಲಾಗಿ ಮುಳುಗುತ್ತಾಳೆ. ದಂಡಿನಿಂದ ಓಡಿಬಂದ ಗಂಡ ಮಾದೇವರಾಯ ತಾನೂ ಅದೇ ಕೆರೆಗೆ ಹಾರುತ್ತಾನೆ. ಊರಿಗೆ ನೀರು ಬಂತೆಂಬ ಸಂತೋಷದಲ್ಲಿ ಗೀತ ಮುಗಿಯುವುದಿಲ್ಲ. ಮತ್ತೊಂದು ಸಾವಿನಲ್ಲಿ ಮುಗಿಯುತ್ತದೆ. ಹಾಡಿದ ಹೆಂಗಸರಿಗೆ ಇದು ನ್ಯಾಯವಲ್ಲವೆಂದು ತಿಳಿದಿತ್ತು. ತಿಳಿಯದೆ ಹೋದದ್ದು ಪಾಠ ಹೇಳಿದ ನಮಗೆ. ವಿಕೋಪದ ಬೆಲೆಯನ್ನು ಹೆಣ್ಣಿನಿಂದ ವಸೂಲು ಮಾಡಿ ಅದಕ್ಕೆ ತ್ಯಾಗವೆಂದು ಹೆಸರಿಡುವ ರೂಢಿಯನ್ನು ತರಗತಿಯಲ್ಲಿ ಗಟ್ಟಿಗೊಳಿಸಿದವರು ನಾವೇ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಚಿತ್ರ ಬದಲಾಗುತ್ತದೆ. ಒಂದೆಡೆ ಕಡಲು, ಒಂದೆಡೆ ಹೊಳೆ, ನಡುವಿನ ಮಳಲ ನೆಲದಲ್ಲಿ ರಾಮ ಐತಾಳರ ಮನೆ. ಮಳೆಗಾಲ ಇಲ್ಲಿ ಒಂದು ದಿನದ ಆಪತ್ತಲ್ಲ, ಪ್ರತಿ ವರ್ಷದ ಪರೀಕ್ಷೆ. ಅದನ್ನು ಎದುರಿಸಿ ಬದುಕನ್ನು ಮತ್ತೆ ಮತ್ತೆ ಕೂಡಿಸುವವರು ಐತಾಳರ ಮಡದಿ ಪಾರೋತಿ ಮತ್ತು ಅವರ ವಿಧವೆ ತಂಗಿ ಸರಸೋತಿ. ಮುಂದಿನ ತಲೆಮಾರಿನಲ್ಲಿ ಲಚ್ಚ ಮನೆಯನ್ನು ಹಾಳುಮಾಡಿದಾಗ ಸೊಸೆ ನಾಗವೇಣಿ ಕುಸಿದು, ಮತ್ತೆ ಎದ್ದು, ಮಗ ರಾಮನನ್ನು ದಡ ಸೇರಿಸುತ್ತಾಳೆ. ಇಲ್ಲಿಯ ಆಪತ್ತು ಪ್ರಕೃತಿಯದಲ್ಲ, ಮನುಷ್ಯನದು ನಿಜ. ಆದರೂ ಕಾರಂತರು ಒಂದು ಸತ್ಯವನ್ನು ಸ್ಪಷ್ಟವಾಗಿ ಕಂಡಿದ್ದಾರೆ: ಬಿದ್ದ ಹೆಣ್ಣನ್ನು ಎತ್ತುವುದು ಹೊರಗಿನಿಂದ ಬಂದ ಉದ್ಧಾರಕನಲ್ಲ, ಒಂದೇ ಒಲೆಯ ಮುಂದೆ ಕುಳಿತ ಇನ್ನೊಬ್ಬ ಹೆಣ್ಣು. ವಿಮರ್ಶಕರು ಈ ಕಾದಂಬರಿಯನ್ನು ಮೂರು ತಲೆಮಾರಿನ ಕಥೆಯೆಂದೂ, ಮಣ್ಣಿಗೆ ಮರಳುವ ರಾಮನ ಕಥೆಯೆಂದೂ ಹೊಗಳಿದ್ದಾರೆ. ಅವನು ಮರಳಲು ಒಂದು ಮಣ್ಣು ಉಳಿದಿತ್ತಲ್ಲ, ಅದನ್ನು ಉಳಿಸಿದವರು ಯಾರು ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ.

ಅನಂತಮೂರ್ತಿಯವರ ‘ಬರ’ ಕಥೆ ಬೇರೊಂದು ದಾರಿ ಹಿಡಿಯುತ್ತದೆ. ಬರಪೀಡಿತ ಜಿಲ್ಲೆಯ ತರುಣ ಅಧಿಕಾರಿಯೊಬ್ಬನ ಮನಸ್ಸಾಕ್ಷಿಯೇ ಅಲ್ಲಿನ ರಂಗಭೂಮಿ. ರಾಜಕಾರಣವು ಬರವನ್ನೂ ಹೇಗೆ ಬಂಡವಾಳ ಮಾಡಿಕೊಳ್ಳುತ್ತದೆಂಬುದನ್ನು ಇಷ್ಟು ತೀಕ್ಷ್ಣವಾಗಿ ಹೇಳಿದ ಕಥೆಗಳು ಕಡಿಮೆ, ಎಂ. ಎಸ್. ಸತ್ಯು ಅದನ್ನು ಚಲನಚಿತ್ರವಾಗಿಯೂ ನಿರ್ದೇಶಿಸಿದರು. ಆದರೆ ಬರವನ್ನು ಮೇಜಿನ ಈಚೆಯಿಂದ ನೋಡಿದಾಗ ಕೊಡ ಹಿಡಿದು ಮೈಲುಗಟ್ಟಲೆ ನಡೆಯುವವಳು ದೃಶ್ಯವಾಗುತ್ತಾಳೆಯೇ ಹೊರತು ದೃಷ್ಟಿಯಾಗುವುದಿಲ್ಲ. ಇದು ಆ ಕಥೆಯ ದೋಷವೆಂದು ನಾನು ಹೇಳಲಾರೆ. ಅದು ಆರಿಸಿಕೊಂಡ ನೆಲೆಯ ಮಿತಿ. ಆಕೆಯ ನೆಲೆಯಿಂದ ಇನ್ನೊಂದು ‘ಬರ’ವನ್ನು ಬರೆಯುವ ಕೆಲಸ ಬಾಕಿ ಇದೆ.

ಈ ದೃಷ್ಟಿಯಿಂದ ನಮ್ಮಲ್ಲಿ ಬಹು ದೂರ ನಡೆದ ಕೃತಿ ‘ದ್ವೀಪ’. ನಾ. ಡಿಸೋಜರು ಶರಾವತಿ ಕಣಿವೆಯ ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದವರು. ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆರೆಗೆ ತಂದ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಸಂದಿತು. ಅಣೆಕಟ್ಟಿನ ನೀರು ಮನುಷ್ಯ ತಂದದ್ದು, ಮಳೆ ಆಕಾಶ ತಂದದ್ದು. ಎರಡೂ ಸೇರಿ ಒಂದು ಗುಡ್ಡವನ್ನು ನಡುಗಡ್ಡೆ ಮಾಡುತ್ತವೆ. ಊರೆಲ್ಲ ಖಾಲಿಯಾದರೂ ಉಳಿದುಕೊಂಡ ಒಂದು ಕುಟುಂಬವನ್ನು ಸೊಸೆ ನಾಗಿ ತನ್ನ ಬುದ್ಧಿ ಮತ್ತು ದುಡಿಮೆಯಿಂದ ಕಾಪಾಡುತ್ತಾಳೆ. ಸೌಂದರ್ಯ ಅವರ ಅಭಿನಯದಲ್ಲಿ ಆ ದುಡಿಮೆಗೆ ಮೈ ಬಂದಿದೆ. ಚಿತ್ರದ ಕೊನೆಯಲ್ಲಿ ಅಪಾಯ ಕಳೆದಾಗ ಗಂಡ ಗಣಪ ಕೈ ಮುಗಿಯುವುದು ದೇವರಿಗೆ. ನಾಗಿಯ ಶ್ರಮಕ್ಕೆ ಒಂದು ಮಾತಿನ ಮನ್ನಣೆಯೂ ಇಲ್ಲ. ಕಾಸರವಳ್ಳಿಯವರು ಇದನ್ನು ಕೂಗಿ ಹೇಳುವುದಿಲ್ಲ. ಆದ್ದರಿಂದಲೇ ಅದು ಚುಚ್ಚುತ್ತದೆ. ಅನ್ನ, ಬಟ್ಟೆ, ಸೂರುಗಳನ್ನು ಮರಳಿ ಪಡೆದ ಮಾತ್ರಕ್ಕೆ ಚೇತರಿಕೆ ಪೂರ್ಣವಾಗದು; ‘ಇದನ್ನು ಉಳಿಸಿದವಳು ನೀನು’ ಎಂದು ಒಪ್ಪಿಕೊಳ್ಳುವವರೂ ಬೇಕು ಎಂಬುದು ಈ ಕೃತಿಯಿಂದ ನಾವು ಕಲಿಯಬೇಕಾದ ಪಾಠ.

ಇದು ಬರಿಯ ಸಾಹಿತ್ಯದ ಆಶಯವೇ, ಲೋಕದಲ್ಲಿ ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ಗಡಿಯಾಚೆಯೇ ಉತ್ತರವಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ನಡುಗಿತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದವು. ಅಧಿಕೃತ ಲೆಕ್ಕದಂತೆಯೇ ಸುಮಾರು 8,000 ಜನ ತೀರಿಕೊಂಡರು. ಮನೆಗಳ ದುರಸ್ತಿಯ ಕಾರ್ಯಕ್ರಮ ಬಂದಾಗ ಪ್ರೇಮಾ ಗೋಪಾಲನ್ ಅವರ ನೇತೃತ್ವದ ‘ಸ್ವಯಂ ಶಿಕ್ಷಣ ಪ್ರಯೋಗ’ ಸಂಸ್ಥೆ ಹಳ್ಳಿಯ ಮಹಿಳಾ ಮಂಡಳಗಳ ಹೆಂಗಸರನ್ನೇ ‘ಸಂವಾದ ಸಹಾಯಕ’ರನ್ನಾಗಿ ಮುಂದೆ ತಂದಿತು. ಸರಕಾರಕ್ಕೂ ಮನೆಯವರಿಗೂ ನಡುವೆ ಮಾತಿನ ಸೇತುವೆಯಾಗುವುದು ಅವರ ಕೆಲಸ. ಯಾರಿಗೆ ಎಷ್ಟು ಸಹಾಯಧನ ಸಲ್ಲಬೇಕು, ಗೋಡೆಯನ್ನು ಹೇಗೆ ಬಲಪಡಿಸಬೇಕು ಎಂಬುದನ್ನು ಕಲಿತು, ಕಲಿಸಿ, ಗಾರೆ ಕೆಲಸವನ್ನೂ ನಿಂತು ನೋಡಿಕೊಂಡರು. 2001ರಲ್ಲಿ ಗುಜರಾತಿನಲ್ಲಿ ಭೂಕಂಪವಾದಾಗ ಇದೇ ಲಾತೂರಿನ ಹೆಂಗಸರು ಅಲ್ಲಿಗೆ ಹೋಗಿ ಅಲ್ಲಿನ ಹೆಂಗಸರೊಡನೆ ಕುಳಿತರು. ಸಂತ್ರಸ್ತೆಯೆಂದು ಪಟ್ಟಿಯಲ್ಲಿದ್ದವಳು ಇನ್ನೊಬ್ಬಳಿಗೆ ಗುರುವಾದಳು. ಸರಸೋತಿ ನಾಗವೇಣಿಗೆ ಮಾಡಿದ್ದನ್ನೇ ಇವರು ಊರಿನ ಅಳತೆಯಲ್ಲಿ ಮಾಡಿದರು. ಈ ವಸ್ತುವಿಗೆ ಯೋಗ್ಯವಾದ ಕಾದಂಬರಿಗಾಗಿ ಗಡಿಯ ಈಚೆಯ ನಾವು ಇನ್ನೂ ಕಾಯುತ್ತಿದ್ದೇವೆ.

ದೂರದ ಮಾತೇಕೆ? ನಮ್ಮ ಮಹದಾಯಿ ಖಾನಾಪುರದ ಕಾಡಿನಲ್ಲಿ ಹುಟ್ಟಿ ಈ ಸತ್ತರಿ ಸೀಮೆಯನ್ನು ಹಾಯ್ದು ಕಡಲು ಸೇರುವವಳು. 2021ರ ಜುಲೈ 23ರಂದು ಆಕೆ ಉಕ್ಕಿದಾಗ 1982ರ ಅನಂತರ ಇಂಥ ನೆರೆ ಬಂದಿರಲಿಲ್ಲವೆಂದು ಮುಖ್ಯಮಂತ್ರಿಗಳೇ ಹೇಳಿದರು. ಆ ದಿನಗಳಲ್ಲಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಅರ್ಜಿ ಬರೆಸಲು ನನ್ನಲ್ಲಿಗೆ ಬಂದಿದ್ದಳು. ಜೋಳದ ರೊಟ್ಟಿ ಬಡಿದು ಮಾರಿ ಬದುಕುವವಳು; ಇದ್ದದ್ದು ಬಾಡಿಗೆಯ ಖೋಲಿ. ನಮೂನೆಯಲ್ಲಿ ಮನೆಯ ಯಜಮಾನನ ಹೆಸರಿಗೆ ಜಾಗವಿತ್ತು, ಗೋಡೆಗೆ ಜಾಗವಿತ್ತು, ದನಕ್ಕೆ ಜಾಗವಿತ್ತು. ‘ಸರ, ನನ್ನ ಹಂಚು, ಕೊಮ್ಮಣಿಗಿ, ಎರಡ ಚೀಲ ಜ್ವಾಳ ಹ್ವಾದೂರಿ. ಅದನ್ನ ಎಲ್ಲಿ ಬರೀತೀರಿ?’ ಎಂದು ಕೇಳಿದಳು. ಕೊನೆಗೆ ಅಂಚಿನಲ್ಲಿ ಬರೆದೆ. ಅಂಚಿನಲ್ಲಿ ಬರೆದದ್ದನ್ನು ಯಾರೂ ಓದಲಿಲ್ಲವೆಂದು ಆಮೇಲೆ ತಿಳಿಯಿತು. ಆಕೆಯ ಪಾಲಿಗೆ ಮನೆಯೆಂದರೆ ಗೋಡೆಯಲ್ಲ, ಆ ಹಂಚು. ಅದು ಮರಳಿ ಬಂದ ದಿನವೇ ಆಕೆಯ ಚೇತರಿಕೆ. ತುಸು ದಿನಗಳಲ್ಲಿ ಆಕೆಯ ಓಣಿಯ ಹೆಂಗಸರೇ ವಂತಿಗೆ ಹಾಕಿ ಹಂಚು, ಹಿಟ್ಟು ಕೊಡಿಸಿದರು. ನನ್ನ ಅರ್ಜಿಯಿಂದ ಆಗದ್ದು ಅವರಿಂದ ಆಯಿತು.

ಸಾಹಿತ್ಯ ಪರಿಹಾರದ ವರದಿಯಲ್ಲ, ಅದರಿಂದ ಇಂಥ ಲೆಕ್ಕ ಕೇಳುವುದು ಸಲ್ಲದು ಎಂಬ ಆಕ್ಷೇಪವನ್ನು ಬಲ್ಲೆ. ಒಪ್ಪತಕ್ಕ ಮಾತೇ. ಆದರೆ ನಮೂನೆಯನ್ನು ರಚಿಸುವವನೂ ಒಂದು ಕಾಲದಲ್ಲಿ ಯಾವುದೋ ಶಾಲೆಯಲ್ಲಿ ಪದ್ಯ ಓದಿದವನೇ. ಹೆಣ್ಣೆಂದರೆ ಕೊಟ್ಟುಕೊಳ್ಳುವವಳು, ತಾಳಿಕೊಳ್ಳುವವಳು ಎಂದು ಅಲ್ಲಿ ಕಲಿತವನಿಗೆ ಆಕೆ ಕೇಳುವವಳೂ ಆಗಿರಬಹುದೆಂದು ಹೊಳೆಯುವುದಾದರೂ ಹೇಗೆ? ಕೃತಿಗಳು ಬದಲಾಗಬೇಕಿಲ್ಲ, ನಮ್ಮ ಓದು ಬದಲಾಗಬೇಕು. ನನಗೆ ಮತ್ತೊಮ್ಮೆ ತರಗತಿ ಸಿಕ್ಕರೆ ‘ಭಾಗೀರಥಿಯನ್ನು ಯಾರಾದರೂ ಕೇಳಿದರೇ?’ ಎಂಬ ಪ್ರಶ್ನೆಯನ್ನೇ ಕೊಡುತ್ತೇನೆ. ನನಗೆ ಆ ಅವಕಾಶ ಕಳೆಯಿತು. ವಾಳಪೈಯ ಈ ಸಮ್ಮೇಳನಕ್ಕೆ ಬಂದಿರುವ ತರುಣ ಶಿಕ್ಷಕರಿಗೂ ಲೇಖಕಿಯರಿಗೂ ಅದು ಇನ್ನೂ ಇದೆ. ರೊಟ್ಟಿ ಬಡಿಯುವ ನಮ್ಮ ಅಕ್ಕತಂಗಿಯರ ಬಳಿ ಕುಳಿತು, ಅವರು ಹೇಳುವುದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಮುಂದಿನ ಸಂಚಿಕೆಗೆ ತನ್ನಿರಿ. ಆ ಬರೆಹಕ್ಕೆ ಅಂಚಿನಲ್ಲಿ ಅಲ್ಲ, ನಡುಪುಟದಲ್ಲಿ ಜಾಗ ಸಿಗಲಿ.