ಮಂದ್ರದಿಂದ ಮೇಲಕ್ಕೆ: ಜಾಝ್ ರಸಿಕರಿಗೊಂದು ಕೈಪಿಡಿ

ಜಾಝ್ ಧ್ವನಿಮುದ್ರಿಕೆಯನ್ನು ಮೊದಲ ಬಾರಿಗೆ ಕೇಳುವವರ ಕಿವಿ ಸಹಜವಾಗಿಯೇ ಸ್ಯಾಕ್ಸೊಫೋನಿನ ಬೆನ್ನು ಹತ್ತುತ್ತದೆ. ಆದರೆ ಅಮೆರಿಕದ ಸಂಗೀತ ಸಂಯೋಜಕ ಚಾರ್ಲ್ಸ್ ಮಿಂಗಸ್ (1922–1979) 1959ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ ‘ಮಿಂಗಸ್ ಆ ಅಮ್’ ಅನ್ನು ಹಾಗೆ ಕೇಳಿದರೆ ಮೇಳದ ಯಜಮಾನನೇ ಕೈತಪ್ಪಿಹೋಗುತ್ತಾನೆ. ಆತ ನುಡಿಸುವುದು ಡಬಲ್ ಬಾಸ್, ಅಂದರೆ ಪಿಟೀಲಿನ ವಂಶಕ್ಕೆ ಸೇರಿದ, ಆಳೆತ್ತರದ, ನಾಲ್ಕು ತಂತಿಗಳನ್ನು ಬೆರಳಿನಿಂದ ಮೀಟಿ ಮಂದ್ರಸ್ಥಾಯಿಯ ನಾದ ಹೊರಡಿಸುವ ವಾದ್ಯ.

ಕಾರವಾರ, ಅಂಕೋಲೆಗಳ ಕಿವಿಗೆ ಈ ಬಗೆಯ ಆಲಿಕೆ ಹೊಸದಲ್ಲ. ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗಿನಲ್ಲಿ, ಮಣ್ಣಿನ ಗಡಿಗೆಯಂಥ ಗುಮಟೆಯ ಚರ್ಮ ಬಿಗಿದ ದೊಡ್ಡ ಬಾಯಿಯನ್ನು ಒಂದು ಕೈ ಬಾರಿಸುತ್ತಿದ್ದರೆ ಇನ್ನೊಂದು ಕೈ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ನಾದವನ್ನು ಏರಿಸಿ ಇಳಿಸುತ್ತದೆ. ತಾಳವಾದ್ಯವೊಂದು ಹೀಗೆ ಸ್ವರದ ಕಡೆಗೆ ವಾಲುವುದನ್ನು ಬಲ್ಲವರಿಗೆ, ಸ್ವರವಾದ್ಯವೊಂದು ತಾಳದ ಹೊಣೆ ಹೊರುವುದನ್ನು ಗುರುತಿಸುವುದು ಕಷ್ಟವಾಗದು. ಬಾಸ್ ಮಾತ್ರೆಗೊಂದು ಸ್ವರವಿಡುತ್ತ ಸಾಗುವ ಕ್ರಮಕ್ಕೆ ಜಾಝ್‌ನಲ್ಲಿ ‘ವಾಕಿಂಗ್’ ಎಂದು ಹೆಸರು. ಉಳಿದ ವಾದಕರ ಮನೋಧರ್ಮಕ್ಕೆ ಲಯವೂ ನೆಲೆಯೂ ದೊರೆಯುವುದು ಅಲ್ಲಿಂದಲೇ. ಮೊಬೈಲಿನ ಸ್ಪೀಕರು ಇದಕ್ಕೆ ಸಾಲದು, ಏಕೆಂದರೆ ಬಾಸಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿಯಷ್ಟೇ ಕಂಪಿಸುತ್ತದೆ. ಹೆಡ್‌ಫೋನ್ ಇಲ್ಲದೆ ಮಿಂಗಸ್‌ನನ್ನು ಕೇಳದಿರುವುದೇ ಲೇಸು.

ಮೊದಲ ಕೃತಿ ‘ಬೆಟರ್ ಗಿಟ್ ಇಟ್ ಇನ್ ಯುವರ್ ಸೋಲ್’ ಬಾಸಿನಿಂದಲೇ ಆರಂಭವಾಗಿ, ಆರು ಮಾತ್ರೆಗಳ ಓಟ ಹಿಡಿದು, ಕರಿಯ ಜನರ ಚರ್ಚಿನ ಪ್ರಾರ್ಥನಾಸಭೆಯ ಆವೇಶಕ್ಕೆ ಏರುತ್ತದೆ. ವಾದ್ಯಗಳ ನಡುವೆ ಕೇಳುವ ಕೂಗು ಮಿಂಗಸ್‌ನದೇ. ಬುಕರ್ ಎರ್ವಿನ್‌ನ ಸ್ಯಾಕ್ಸೊಫೋನ್ ಸರದಿಯಲ್ಲಿ ಒಂದಷ್ಟು ಹೊತ್ತು ಹಿಮ್ಮೇಳವೆಲ್ಲ ಸುಮ್ಮನಾಗಿ ಬರಿಯ ಚಪ್ಪಾಳೆ ಉಳಿಯುತ್ತದೆ. ಬಾಸ್ ಅದುವರೆಗೆ ಹೊತ್ತಿದ್ದ ಭಾರವೆಷ್ಟೆಂಬುದು ತಿಳಿಯುವುದು ಅದು ನಿಂತಾಗ, ಆದ್ದರಿಂದ ಇದೊಂದನ್ನೇ ಮೂರು ನಾಲ್ಕು ಸಲ ಕೇಳಿ ಮುಂದಕ್ಕೆ ಹೋಗುವುದು ಒಳಿತು.

ಮಿಂಗಸ್ ತನ್ನ ಕೃತಿಗಳನ್ನು ಬರೆದುಕೊಡುವುದಕ್ಕಿಂತ ಪಿಯಾನೊ ನುಡಿಸಿಯೋ ಹಾಡಿಯೋ ಕಿವಿಗೆ ಕಲಿಸಲು ಇಷ್ಟಪಡುತ್ತಿದ್ದ. ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡು 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರ ಅಂಕೋಲೆಯಲ್ಲಿ ಈ ಕ್ರಮವನ್ನು ಸಮರ್ಥಿಸಬೇಕಾದ ಅಗತ್ಯವಿಲ್ಲ.

1959ರ ಮಾರ್ಚಿನಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್‌ನ ಸ್ಮರಣೆಯ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ಗೆ ವಿವರಣೆಯೇ ಬೇಡ. ‘ಫೇಬಲ್ಸ್ ಆಫ್ ಫೌಬಸ್’ಗೆ ಮಾತ್ರ ಹಿನ್ನೆಲೆ ಬೇಕು: 1957ರಲ್ಲಿ ಲಿಟಲ್ ರಾಕ್ ಶಾಲೆಗೆ ಕರಿಯ ವಿದ್ಯಾರ್ಥಿಗಳು ಕಾಲಿಡದಂತೆ ತಡೆಯಲು ಸೈನಿಕರನ್ನು ನಿಲ್ಲಿಸಿದ ಅರ್ಕಾನ್ಸಾ ರಾಜ್ಯಪಾಲ ಫೌಬಸ್‌ನ ಅಣಕ ಅದು. ಇಲ್ಲಿ ಸಾಹಿತ್ಯವಿಲ್ಲದ ಕಾರಣ ಲೇವಡಿಯೆಲ್ಲ ಸೊಟ್ಟ ನಡೆಯ ಧಾಟಿಯಲ್ಲೇ ಇದೆ. 1960ರಲ್ಲಿ ಬೇರೊಂದು ಕಂಪನಿಗಾಗಿ ಮುದ್ರಿಸಿದ ರೂಪದಲ್ಲಿ ಮಿಂಗಸ್ ಮತ್ತು ಡ್ರಮ್ ವಾದಕ ಡ್ಯಾನಿ ರಿಚ್ಮಂಡ್ ಸವಾಲು–ಜವಾಬಿನಂತೆ ಹಾಡಿಯೇ ಬಯ್ಯುತ್ತಾರೆ.